ಪಂಕ್ತಿಯಿಂದ ಎಬ್ಬಿಸಿದ ಹುಡುಗ

ಸಿನಿಮಾ ಮತ್ತು ನಗೆ ಇವೆರಡೂ ಭಕ್ತಿಗೆ ಹತ್ತಿದ ಗೆದ್ದಲು ಎಂಬುದು ಬಹುಕಾಲ ನಮ್ಮ ದೃಢ ನಂಬಿಕೆಯಾಗಿತ್ತು. ಮಠದಲ್ಲಿ ಗುರುಗಳು ಹಾಗೆಂದು ಕಲಿಸಿರಲಿಲ್ಲ. ಓದಿಕೊಂಡವರೆಂಬ ಬಿಗುಮಾನದಲ್ಲಿ ಅದು ತಾನಾಗಿ ಬೆಳೆದಿತ್ತು.

1988ರಲ್ಲಿ ನಾವು ಮಠವೊಂದರ ಉಚಿತ ಪ್ರಸಾದ ನಿಲಯದ ಮೇಲ್ವಿಚಾರಣೆ ನೋಡಿಕೊಳ್ಳುತ್ತಿದ್ದೆವು. ಒಂದು ರಾತ್ರಿ ಹೈಸ್ಕೂಲಿನ ಹುಡುಗನೊಬ್ಬ ಟೂರಿಂಗ್ ಟಾಕೀಸಿನಿಂದ ತಡವಾಗಿ ಬಂದು ಪಂಕ್ತಿಯಲ್ಲಿ ಕುಳಿತ. ಎಲ್ಲಿಗೆ ಹೋಗಿದ್ದೆಯೆಂದು ಕೇಳಿದರೆ, “ಬೇಡರ ಕಣ್ಣಪ್ಪ ಬಂದಿತ್ರೀ ಗುರುಗಳ. ನರಸಿಂಹರಾಜು ಭಾಳ ನಗಸ್ತಾನ್ರೀ” ಎಂದ. ಆ ಎರಡನೆಯ ಮಾತೇ ಅವನಿಗೆ ಮುಳುವಾಯಿತು. ಕಣ್ಣಪ್ಪನ ಹೆಸರಿನಲ್ಲಿ ಹಲ್ಲು ಕಿರಿಯುವುದೇ ಎಂದು ಗದರಿ, ಎಡೆಯ ಮುಂದಿನಿಂದ ಎಬ್ಬಿಸಿ ಕಳುಹಿಸಿದೆವು. ಮರುದಿನ ಮುಂಜಾನೆ ಹರಿಹರನ ಕಣ್ಣಪ್ಪನ ರಗಳೆಯನ್ನು ರಾಗವಾಗಿ ಪಾಠ ಹೇಳಿದ್ದೂ ನೆನಪಿದೆ!

ಆ ಹುಡುಗ ಈಗ ಶಾಲಾ ಮಾಸ್ತರರು. ಕಳೆದ ಶ್ರಾವಣದಲ್ಲಿ ನಮ್ಮನ್ನು ಮನೆಗೆ ಪ್ರಸಾದಕ್ಕೆ ಕರೆದರು. ಅವರ ಮಗಳು ಟಿ.ವಿ.ಯಲ್ಲಿ ಅದೇ ಚಿತ್ರವನ್ನು ಹಚ್ಚಿದಳು. ಎದ್ದು ಹೋಗುವುದು ಸಭ್ಯತೆಯಲ್ಲವೆಂದು ಕುಳಿತೆವು. ಗುಬ್ಬಿ ಕಂಪನಿಯ ನಾಟಕದಿಂದ ಹುಟ್ಟಿದ 1954ರ ಚಿತ್ರವದು. ರಾಜಕುಮಾರರು ನಾಯಕರಾದ ಮೊದಲನೆಯದು. ನರಸಿಂಹರಾಜು ತೆರೆಗೆ ಬಂದಾಗ ನಾವು ನಕ್ಕೆವು. ಹೆಗಲ ವಸ್ತ್ರವನ್ನು ಬಾಯಿಗೆ ಒತ್ತಿಕೊಂಡರೂ ನಗೆ ನಿಲ್ಲಲಿಲ್ಲ. ಹಾಗೆ ಸಡಿಲಾದ ಮನಸ್ಸಿಗೆ ಮುಂದಿನದು ನೇರವಾಗಿ ತಾಗಿತು.

ಬಾಯಲ್ಲಿ ನೀರು ತಂದು ಮಜ್ಜನ ಮಾಡಿಸುವ, ತಾನು ರುಚಿ ನೋಡಿದ ಮಾಂಸವನ್ನೇ ನೀಡುವ ಬೇಡನನ್ನು ಶಿವನು ಒಪ್ಪಿದನು. ಒಪ್ಪದವನು ಅರ್ಚಕ. ಅವನು ಶಾಸ್ತ್ರ ಬಲ್ಲವನು, ಶುಚಿಯುಳ್ಳವನು, ಕಾಳಹಸ್ತಿಯ ಲಿಂಗಕ್ಕೆ ಮೈಲಿಗೆಯಾಯಿತೆಂದು ನಿಜವಾಗಿಯೂ ಸಂಕಟಪಟ್ಟವನು. ಅರವತ್ತಮೂವರು ಪುರಾತನರಲ್ಲಿ ಕಣ್ಣಪ್ಪನಿದ್ದಾನೆ, ಆ ಅರ್ಚಕನಿಲ್ಲ. ಇಷ್ಟು ವರ್ಷ ಈ ಕಥೆಯನ್ನು ಹೇಳುವಾಗಲೆಲ್ಲ ನಾವು ಕಣ್ಣಪ್ಪನ ಪಕ್ಕದಲ್ಲಿಯೇ ನಿಂತಿದ್ದೇವೆಂದು ಬಗೆದಿದ್ದೆವು. ಪ್ರಸಾದದ ಮುಂದಿನಿಂದ ಮಗುವನ್ನು ಎಬ್ಬಿಸಿದವರು ಯಾರ ಪಕ್ಕದವರು?

ಎಲ್ಲ ಸಿನಿಮಾಗಳೂ ಸದ್ಗ್ರಂಥಗಳೆಂದು ನಾವು ಹೇಳುತ್ತಿಲ್ಲ. ಈಗಿನ ಕೆಲವು ಚಿತ್ರಗಳ ಗದ್ದಲ ನಮಗೆ ಇಂದಿಗೂ ಸಹ್ಯವಲ್ಲ.

ಊಟಕ್ಕೆ ಕುಳಿತಾಗ ಆ ರಾತ್ರಿಯ ಮಾತು ತೆಗೆದು, ಮಾಸ್ತರರನ್ನು ಹಸಿವಿನಿಂದ ಮಲಗಿಸಿದ್ದಕ್ಕೆ ಕ್ಷಮೆ ಕೇಳಿದೆವು. ಅವರು ರೊಟ್ಟಿ ನೀಡುತ್ತಲೇ ನಕ್ಕರು. “ಹಸದ ಮಲಗಿರಲಿಲ್ರೀ ಗುರುಗಳ. ಅಡಿಗಿ ಮಾಡೋ ಅವ್ವ ಹಿತ್ತಲದಾಗ ಕರದು ಎರಡು ರೊಟ್ಟಿ ಕೊಟ್ಟಿದ್ಳು. ನಿಮಗ ಹೇಳಬ್ಯಾಡ ಅಂದಿದ್ಳು.”