ಪದವನ್ನರಿತೆವು, ಪದಾರ್ಥವನ್ನರಿತೆವೇ?

ಮೂವತ್ತು ವರುಷಗಳಿಂದ ನಾನು ಮಕ್ಕಳಿಗೆ ಕನ್ನಡ ಗಾದೆಗಳ ಅರ್ಥವನ್ನು ಬಿಡಿಸಿ ಹೇಳುತ್ತ ಬಂದಿದ್ದೇನೆ. ನವಿಲನ್ನು ಕಂಡು ಕೆಂಬೂತ ಗರಿಗೆದರಿತೆಂಬ ಗಾದೆಯನ್ನು ಎಷ್ಟು ಸಲ ವಿವರಿಸಿರುವೆನೋ ಲೆಕ್ಕವಿಲ್ಲ. ಆದರೆ ಕೆಂಬೂತವನ್ನು ಕಂಡು ಗುರುತಿಸಬಲ್ಲವನಾಗಿರಲಿಲ್ಲ. ಈ ಅಜ್ಞಾನವು ಬಯಲಾದುದು ಮಂಗಳೂರಿನಲ್ಲಿ.

ಕಳೆದ ಮಾಗಿಯಲ್ಲಿ ನಮ್ಮ ಶಾಲೆಯ ಮಕ್ಕಳೊಡನೆ ಆ ನಗರಕ್ಕೆ ಪ್ರವಾಸ ಹೋಗಿದ್ದಾಗ, ಒಂದು ಬೆಳಗ್ಗೆ ಮೂಡುಶೆಡ್ಡೆಯ ಪಿಲಿಕುಳ ನಿಸರ್ಗಧಾಮವನ್ನು ಬಾಗಿಲು ತೆರೆದೊಡನೆ ಹೊಕ್ಕೆವು. ಗುರುಪುರ ನದಿಯ ಮಗ್ಗುಲಲ್ಲಿ 350 ಎಕರೆಗೂ ಮಿಕ್ಕಿ ಹರಡಿರುವ ಈ ಧಾಮಕ್ಕೆ ಡಾ. ಶಿವರಾಮ ಕಾರಂತರ (1902–1997) ಹೆಸರಿಟ್ಟಿರುವುದು ಉಚಿತವೇ ಆಗಿದೆ. ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದ ಮಹನೀಯರು ಅವರು. ತುಳುವಿನಲ್ಲಿ ಪಿಲಿ ಎಂದರೆ ಹುಲಿ. ಹುಲಿಗಳು ನೀರು ಕುಡಿಯಲು ಬರುತ್ತಿದ್ದ ಕೊಳವಾದ್ದರಿಂದ ಈ ಹೆಸರು ಬಂದಿತೆಂದು ಹೇಳುತ್ತಾರೆ. ಇಂದು ಹುಲಿಯಿರುವುದು ಅಲ್ಲಿನ ಮೃಗಾಲಯದ ಆವರಣದೊಳಗೆ. ಕೊಳದ ದಂಡೆಯಲ್ಲಿ ಉಳಿದಿರುವುದು ಅದರ ಹೆಸರು ಮಾತ್ರ.

ಬೆಳ್ಳಕ್ಕಿ, ಮಿಂಚುಳ್ಳಿಗಳನ್ನು ನೋಡುತ್ತ ನಡೆದಿದ್ದಾಗ ಪೊದೆಯೊಳಗಿನಿಂದ 'ಕೂಪ್ ಕೂಪ್' ಎಂಬ ಗಂಭೀರನಾದವು ಕೇಳಿಬಂದಿತು. ಕರಿಯ ಮೈ, ಇಟ್ಟಿಗೆಗೆಂಪಿನ ರೆಕ್ಕೆ, ಗುಲಗಂಜಿಯಂತಹ ಕಣ್ಣಿನ ಹಕ್ಕಿಯೊಂದು ನೆಲದ ಮೇಲೆ ನಡೆದುಬಂದಿತು. "ಗುರುಗಳೇ, ಇದು ಯಾವ ಹಕ್ಕಿ?" ಎಂದನೊಬ್ಬ ಹುಡುಗ. ನಾನು ನಿರುತ್ತರನಾದೆ. ತರಗೆಲೆ ಗುಡಿಸುತ್ತಿದ್ದ ಹೆಂಗಸೊಬ್ಬರು, "ಅದು ಕುಪುಲು, ಮಾಷ್ಟ್ರೇ. ಕೆಂಬೂತ ಅಂತ ಹೇಳ್ತಾರಲ್ಲ, ಅದೇ" ಎಂದು ನಕ್ಕರು. ವಿದ್ವತ್ ಪದವಿಯನ್ನು ಹೊತ್ತ ನಾನು ಆ ತಾಯಿಗೆ ಮನದಲ್ಲಿಯೇ ಕೈಮುಗಿದೆ.

ಊರಿಗೆ ಮರಳಿ ಓದಿ ತಿಳಿದೆನು: ಕೆಂಬೂತವೂ ಕೋಗಿಲೆಯ ಕುಲದ್ದೇ. ಆದರೆ ಕೋಗಿಲೆಯಂತೆ ಕಾಗೆಯ ಗೂಡಿನಲ್ಲಿ ಮೊಟ್ಟೆಯಿಟ್ಟು ಹೋಗುವುದಿಲ್ಲ. ಪೊದೆಯಲ್ಲಿ ತಾನೇ ಗೂಡು ಕಟ್ಟಿ, ಹುಳುಹುಪ್ಪಟೆ, ಬಸವನಹುಳುಗಳನ್ನು ಹಿಡಿದು ತಂದು ಮರಿಗಳನ್ನು ಸಾಕುತ್ತದೆ. ಪರರ ಗೂಡನ್ನು ನೆಚ್ಚಿದ ಕೋಗಿಲೆಗೆ ನಾವು ಕಾವ್ಯದಲ್ಲಿ ಪಟ್ಟಗಟ್ಟಿದೆವು. ದುಡಿದು ಬಾಳುವ ಕೆಂಬೂತವನ್ನು ಹುಸಿ ಅನುಕರಣೆಗೆ ಉಪಮಾನವಾಗಿಸಿದೆವು! ಕಣ್ಣಿನಿಂದ ನೋಡದೆ ಬಾಯಿಂದ ಪಾಠ ಹೇಳಿದುದರ ಫಲವಿದು.

ಇದಕ್ಕಿಂತಲೂ ನಾಚಿಕೆಯ ಸಂಗತಿಯೆಂದರೆ, ಅದೇ 'ಕೂಪ್ ಕೂಪ್' ದನಿ ನಮ್ಮ ವಿದ್ಯಾರ್ಥಿನಿಲಯದ ಹಿತ್ತಿಲ ಪೊದೆಯಲ್ಲಿಯೂ ಇದೆ. ವರುಷಗಳಿಂದ ಕೇಳಿದ್ದೆ, ಯಾರದೆಂದು ವಿಚಾರಿಸಿರಲಿಲ್ಲ. ಈಗ ಅಲ್ಲಿ ಹೊಸ ಕೊಠಡಿಗಳು ಏಳಲಿವೆ. ಕೊಠಡಿಗಳು ಬೇಡವೆನ್ನಲಾರೆ, ಅವು ಬೇಕು, ಕೊಡುವ ಕೈಗಳು ದೊಡ್ಡವು. ಆದರೆ ತಳಪಾಯವನ್ನು ಬಯಲಿನ ಕಡೆಗೆ ಸರಿಸಿ, ಪೊದೆಯನ್ನು ಸವರದೆ ಉಳಿಸಬೇಕೆಂದು ದಾನಿಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ನನ್ನ ವಿನಂತಿ. ಸಹೋದ್ಯೋಗಿಗಳಲ್ಲಿ ಇನ್ನೊಂದು: ತಿಂಗಳಿಗೊಂದು ಬೆಳಗ್ಗೆಯಾದರೂ ಕನ್ನಡ ಪಾಠವು ಆ ಪೊದೆಯ ಬಳಿ ನಡೆಯಲಿ. ಮೊದಲ ಪಾಠಕ್ಕೆ ನಾನೂ ಮಕ್ಕಳ ಸಾಲಿನಲ್ಲಿ ಕುಳಿತುಕೊಳ್ಳುವೆನು.

ಪಿಲಿಕುಳದ ದಂಡೆಯಲ್ಲಿ ಹುಲಿಯ ಹೆಸರಷ್ಟೇ ಉಳಿಯಿತು. ನಮ್ಮ ಹಿತ್ತಿಲಲ್ಲಿ ಕೆಂಬೂತದ ಗಾದೆಯಷ್ಟೇ ಉಳಿಯುವಂತಾಗದಿರಲಿ.