ಪಿಟೀಲಿನೊಳಗೆ ಕೂತು ಗಿಟಾರಿಗೆ ಬೈಯುವವರು

ಬೆಂಗಳೂರಿನ ‘ಅಗಂ’ ತಂಡದ ಮೊದಲ ಆಲ್ಬಂ ‘ದಿ ಇನ್ನರ್ ಸೆಲ್ಫ್ ಅವೇಕನ್ಸ್’ ಬಂದದ್ದು 2012ರಲ್ಲಿ. ಕರ್ನಾಟಕ ಸಂಗೀತವನ್ನೂ ಪ್ರೊಗ್ರೆಸಿವ್ ರಾಕನ್ನೂ ಒಟ್ಟಿಗೆ ಕಟ್ಟಿದ ಈ ಆಲ್ಬಂ ಬಗ್ಗೆ ನಾನು ಇಂದಿಗೂ ಕೇಳುವುದು ಎರಡೇ ಮಾತು. ಒಂದು, ‘ಶಾಸ್ತ್ರೀಯ ಸಂಗೀತವನ್ನು ಕೆಡಿಸಿಟ್ಟರು.’ ಇನ್ನೊಂದು, ‘ಶಾಸ್ತ್ರೀಯ ಸಂಗೀತವನ್ನು ಯುವಕರಿಗೆ ಮುಟ್ಟಿಸಿದರು.’ ಒಂದು ಬೈಗುಳ, ಒಂದು ಹೊಗಳಿಕೆ. ನನ್ನ ತಕರಾರು ಎರಡರ ಮೇಲೂ ಇದೆ, ಹೊಗಳಿಕೆಯ ಮೇಲೆ ಸ್ವಲ್ಪ ಹೆಚ್ಚೇ.

ಮೊದಲು ಮಡಿವಂತರ ಮಾತು. ಕೊಡಿಗೇಹಳ್ಳಿಯ ನನ್ನ ಬಾಡಿಗೆ ಕೋಣೆಯಿಂದ ಹೊರಟು, ಹೆಬ್ಬಾಳದ ಫ್ಲೈಓವರ್, ಮೇಖ್ರಿ ಸರ್ಕಲ್ ದಾಟಿ ಮಲ್ಲೇಶ್ವರದ ಕಡೆ ಹೋದರೆ ಚೌಡಯ್ಯ ಸ್ಮಾರಕ ಭವನ ಸಿಗುತ್ತದೆ. ಇಡೀ ಕಟ್ಟಡವೇ ಪಿಟೀಲಿನ ಆಕಾರದಲ್ಲಿದೆ. ಆ ಪಿಟೀಲು ಎಲ್ಲಿಯದು? ಯುರೋಪಿನದು. ಬಾಲುಸ್ವಾಮಿ ದೀಕ್ಷಿತರಂಥವರು ಅದನ್ನು ಕಲಿತು ನಮ್ಮ ಸಂಗೀತಕ್ಕೆ ಒಗ್ಗಿಸಿದರು. ಮೈಸೂರಿನ ಚೌಡಯ್ಯನವರು ಅದಕ್ಕೆ ಏಳು ತಂತಿ ಕಟ್ಟಿದರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದ ಸ್ಯಾಕ್ಸೊಫೋನನ್ನು ಕದ್ರಿ ಗೋಪಾಲನಾಥರು ಕಛೇರಿಯ ವೇದಿಕೆ ಮೇಲೆ ಕೂರಿಸಿದರು. ಕೃತಿಗಳನ್ನು ರಚಿಸಿದ ಜಯಚಾಮರಾಜ ಒಡೆಯರೇ ರಷ್ಯದ ಮೆಟ್ನರನ ಸಂಗೀತದ ಧ್ವನಿಮುದ್ರಣಕ್ಕೂ ಹಣ ಕೊಟ್ಟರು. ಇಷ್ಟೆಲ್ಲ ಬೆರಕೆಯನ್ನು ಜೀರ್ಣಿಸಿಕೊಂಡ ಪರಂಪರೆಯ ವಾರಸುದಾರರು ಪಿಟೀಲಿನ ಹೊಟ್ಟೆಯೊಳಗೆ ಕೂತು ಗಿಟಾರಿಗೆ ಬೈಯುವುದು ವಿಚಿತ್ರವಲ್ಲವೆ?

ಇನ್ನು ಹೊಗಳುವವರು. ‘ಯುವಕರಿಗೆ ಮುಟ್ಟಿಸಿದರು’ ಎಂಬ ಮಾತಿನ ಹಿಂದೆ ಏನಿದೆ ನೋಡಿ. ರಾಗವೆಂದರೆ ಕಹಿ ಔಷಧ, ರಾಕ್ ಅದರ ಮೇಲಿನ ಬೆಲ್ಲ, ನಾವು ಮುಖ ಸಿಂಡರಿಸುವ ಮಕ್ಕಳು. ಇದು ರಾಗಕ್ಕೂ ಅವಮಾನ, ರಾಕ್‌ಗೂ ಅವಮಾನ. ಒಂದು ಕಲಾಕೃತಿಯನ್ನು ಟಪಾಲು ಹಂಚುವ ಸೈಕಲ್ಲಿನ ಮಟ್ಟಕ್ಕೆ ಇಳಿಸಿದ ಮೇಲೆ ಅದರೊಳಗೆ ಏನು ನಡೆದಿದೆ ಎಂದು ಕೇಳುವ ಗೋಜೇ ಇರುವುದಿಲ್ಲ.

ಸಾಹಿತ್ಯದಲ್ಲಿ ನಾವು ಹೀಗೆ ಮಾಡುವುದಿಲ್ಲ. ಬಿ.ಎಂ.ಶ್ರೀ ಅವರ ‘ಇಂಗ್ಲಿಷ್ ಗೀತಗಳು’ ಕೂಡ ಬೆರಕೆಯೇ. ಅದು ಇಂಗ್ಲಿಷ್ ಕವಿತೆಯನ್ನು ಕನ್ನಡಿಗರಿಗೆ ಮುಟ್ಟಿಸಿತು ಎಂದಷ್ಟೇ ಹೇಳಿ ಯಾವ ಮೇಷ್ಟರೂ ತರಗತಿ ಮುಗಿಸುವುದಿಲ್ಲ. ಕನ್ನಡದ ಛಂದಸ್ಸಿಗೆ ಏನಾಯಿತು, ಸಾಲಿನ ನಡಿಗೆ ಹೇಗೆ ಬದಲಾಯಿತು ಎಂದು ಕೇಳುತ್ತಾರೆ. ಬೆರಕೆಗೆ ಇರುವ ಸರಿಯಾದ ಪ್ರಶ್ನೆ ಇದೊಂದೇ: ಬೆರೆತ ಮೇಲೆ ಎರಡರ ಒಳಗೂ ಏನು ಬದಲಾಯಿತು?

ಇದೇ ಪ್ರಶ್ನೆ ಹಿಡಿದು ಈ ಆಲ್ಬಮ್ಮಿನ ‘ಸ್ವಾನ್ಸ್ ಆಫ್ ಸರಸ್ವತಿ’ ಕೇಳಿ. ಮೂಲ, ಹಂಸನಾದದಲ್ಲಿರುವ ತ್ಯಾಗರಾಜರ ‘ಬಂಟುರೀತಿ’. ಹಂಸನಾದದಲ್ಲಿ ಗಾಂಧಾರವಿಲ್ಲ. ಪಾಶ್ಚಾತ್ಯರ ಮೇಜರ್, ಮೈನರ್ ಕಾರ್ಡುಗಳನ್ನು ಷಡ್ಜದ ಮೇಲೆ ಕಟ್ಟಬೇಕಾದರೆ ಗಾಂಧಾರ ಬೇಕೇಬೇಕು. ಅಂದರೆ ಆ ಕಾರ್ಡನ್ನು ಮೀಟಿದರೆ ರಾಗ ಕೆಡುತ್ತದೆ. ಆದರೆ ರಾಕ್ ಗಿಟಾರಿನ ‘ಪವರ್ ಕಾರ್ಡ್’ನಲ್ಲಿ ಇರುವುದು ಸ, ಪ ಎರಡೇ. ತಂಬೂರಿಯಲ್ಲೂ ಸಾಮಾನ್ಯವಾಗಿ ಅವೆರಡೇ! ಅತಿ ಗದ್ದಲದ ವಾದ್ಯವೂ ಅತಿ ಶಾಂತ ವಾದ್ಯವೂ ಒಂದೇ ಸ್ವರಜೋಡಿಯ ಮೇಲೆ ನಿಂತಿವೆ. ತಾಳದಲ್ಲೂ ಹಾಗೆಯೇ. ಪ್ರೊಗ್ರೆಸಿವ್ ರಾಕ್ ತನ್ನ ಸಾಹಸವೆಂದು ಬೀಗುವ ಐದು, ಏಳರ ಎಣಿಕೆಗಳು ಖಂಡಛಾಪು, ಮಿಶ್ರಛಾಪು ಕಲಿತ ಹುಡುಗಿಗೆ ಮನೆಯ ಲೆಕ್ಕ. ಬೆರಕೆಯ ನಿಜವಾದ ಕಥೆ ಇಲ್ಲಿದೆ. ಯಾರು ಯಾರಿಗೆ ಏನನ್ನೂ ‘ಮುಟ್ಟಿಸುವ’ ಅಗತ್ಯವೇ ಇಲ್ಲಿಲ್ಲ.

ಈ ಪ್ರಶ್ನೆ ಹಿಡಿದರೆ ಆಲ್ಬಮ್ಮಿನ ಸೋಲುಗಳೂ ಕಾಣುತ್ತವೆ. ಕೆಲವು ಕಡೆ ಹಾಡು ಇದ್ದಂತೆಯೇ ಇದ್ದು, ಡ್ರಮ್ಸ್ ಬರೀ ದನಿ ಏರಿಸುತ್ತದೆ. ಗಮಕದಲ್ಲಿ ತೂಗುವ ಸ್ವರವನ್ನು ಗಟ್ಟಿಯಾಗಿ ನಿಂತ ಕೀಬೋರ್ಡಿನ ಸ್ವರ ಒತ್ತಿಬಿಡುತ್ತದೆ. ಸ್ವಾತಿ ತಿರುನಾಳರ ಧನಶ್ರೀ ತಿಲ್ಲಾನವನ್ನೇ ತೆಗೆದುಕೊಳ್ಳಿ. ತಿರುವಾಂಕೂರಿನ ದೊರೆ ಹಿಂದೂಸ್ತಾನಿ ರಾಗವನ್ನು ಎತ್ತಿಕೊಂಡು ಕಟ್ಟಿದ, ಹುಟ್ಟಾ ಬೆರಕೆಯಾದ ರಚನೆ ಅದು. ಅದಕ್ಕೆ ಇನ್ನೂ ಹೆಚ್ಚಿನ ಧೈರ್ಯ ತೋರಬಹುದಿತ್ತು ಎಂದೇ ನನಗೆ ಅನ್ನಿಸುತ್ತದೆ. ಆದರೆ ಈ ಟೀಕೆ ಮಾಡುವ ಹಕ್ಕು ಬರುವುದು ಅದನ್ನು ಸಂಗೀತವಾಗಿ ಕೇಳಿದವರಿಗೆ ಮಾತ್ರ. ಮಡಿವಂತರು ಕೇಳುವ ಮೊದಲೇ ಎದ್ದು ಹೋದರು, ಹೊಗಳುವವರು ಕೇಳುವ ಮೊದಲೇ ಚಪ್ಪಾಳೆ ತಟ್ಟಿದರು.

ನಷ್ಟ ಆಗುತ್ತಿರುವುದು ಆ ತಂಡಕ್ಕಲ್ಲ, ಅದಕ್ಕೆ ಕೇಳುಗರಿದ್ದಾರೆ. ನಷ್ಟ ಕನ್ನಡ ವಿಮರ್ಶೆಗೆ. ನಮ್ಮ ಊರಿನಲ್ಲಿ, ನಮ್ಮ ಕಾಲದಲ್ಲಿ ಹುಟ್ಟಿದ ಸಂಗೀತದ ಬಗ್ಗೆ ಕನ್ನಡದಲ್ಲಿ ಮಾತಾಡಲು ಹೊರಟರೆ ಕೈಗೆ ಸಿಗುವುದು ‘ಅಪಚಾರ’, ‘ಅದ್ಭುತ’ ಎಂಬ ಎರಡೇ ಪದ. ಪದ್ಯದ ಒಂದು ಸಾಲಿಗೆ ಪುಟಗಟ್ಟಲೆ ಬರೆಯುವ ನಮಗೆ ಹಾಡಿನ ಒಂದು ಆವರ್ತಕ್ಕೆ ನಾಲ್ಕು ವಾಕ್ಯ ಬರೆಯಲು ಬರುವುದಿಲ್ಲವೆ? ಸಭೆಗಳಿಗೆ ಹೋಗಿ ಅಭ್ಯಾಸವಿಲ್ಲದ, ಹೆಡ್‌ಫೋನಿನಲ್ಲೇ ಹಂಸನಾದವನ್ನು ಮೊದಲು ಕೇಳಿದ ನನ್ನಂಥವರು ಸಾವಿರಾರು ಜನ ಈ ನಗರದಲ್ಲಿದ್ದೇವೆ. ನಮಗೆ ಬೆಲ್ಲ ಬೇಡ. ಗಾಂಧಾರವಿಲ್ಲದ ರಾಗದಲ್ಲಿ ಗಿಟಾರು ಏನು ಮಾಡಬೇಕು ಎಂಬ ಜಗಳ ಬೇಕು, ಅದೂ ಕನ್ನಡದಲ್ಲಿ.