ಹದಿನಾರನೆಯ ವಚನದ ಮನುಷ್ಯ
ಈ ವಾರ ಸಿಗ್ನಲ್ಲಿನಲ್ಲಿ ನನ್ನ ಮುಂದೆ ನಿಂತಿದ್ದ ಆಟೊದ ಬೆನ್ನಿಗೆ ‘2 ತಿಮೊಥೆಯ 1:7’ ಎಂಬ ಸ್ಟಿಕ್ಕರ್ ಇತ್ತು. ದೇವರು ಕೊಟ್ಟದ್ದು ಅಂಜುಬುರುಕತನವನ್ನಲ್ಲ ಎಂದು ಪೌಲ ತನ್ನ ಶಿಷ್ಯ ತಿಮೊಥೆಯನಿಗೆ ನೆನಪಿಸುವ, ಬೈಬಲಿನ ಪತ್ರವೊಂದರ ಜಾಗ ಅದು. ಚೆಂದದ ಮಾತೇ. ಆದರೆ ಅದೇ ಅಧ್ಯಾಯದ 16ನೇ ವಚನವನ್ನು ಯಾರಾದರೂ ಗಾಡಿಗೆ ಅಂಟಿಸಿಕೊಂಡದ್ದನ್ನು ನಾನಂತೂ ಕಂಡಿಲ್ಲ. ಅಲ್ಲಿ ಬರುವವನು ಒನೇಸಿಫೊರ. ಪೌಲ ರೋಮಿನಲ್ಲಿ ಸರಪಳಿ ತೊಟ್ಟು ಕೂತಿದ್ದಾನೆ. ಸಂಪ್ರದಾಯದ ಪ್ರಕಾರ ಅದು ಚಕ್ರವರ್ತಿ ನೀರೋನ ಕಾಲ. ಆಸ್ಯ ಸೀಮೆಯವರೆಲ್ಲ ಕೈಬಿಟ್ಟರೆಂದು ಫುಗೆಲ, ಹೆರ್ಮೊಗೆನರ ಹೆಸರು ಹಿಡಿದೇ ದೂರುತ್ತಾನೆ. ಅವರನ್ನು ಹೇಡಿಗಳೆನ್ನಲು ನನಗೆ ಮನಸ್ಸಿಲ್ಲ. ನಮ್ಮಲ್ಲೂ ಮನೆಯ ಯಜಮಾನ ಜೈಲಿಗೆ ಹೋದರೆ ಆ ಮನೆಯವರನ್ನು ನಾಮಕರಣಕ್ಕೆ ಕರೆಯಲೂ ಜನ ಹಿಂದೆಮುಂದೆ ನೋಡುತ್ತಾರೆ. ಪೊಲೀಸರ ಭಯಕ್ಕಲ್ಲ, ನಾಲ್ಕು ಜನರ ನಾಲಿಗೆಗೆ. ವಿಶ್ವಾಸದ ಧೈರ್ಯವೆಂದರೆ ಸಿಂಹದ ಎದುರು ನಿಲ್ಲುವುದೆಂದು ಪ್ರವಚನಗಳು ನಂಬಿಸಿವೆ. ಹೆಚ್ಚಿನವರು ಸೋಲುವುದು ಸಿಂಹ ಬರುವುದಕ್ಕೆ ಬಹಳ ಮೊದಲು, ನಾಚಿಕೆಯ ಹತ್ತಿರ. ಒನೇಸಿಫೊರ ನಾಚಲಿಲ್ಲ. ಅಷ್ಟು ದೊಡ್ಡ ಊರಲ್ಲಿ ಆ ಕೈದಿ ಎಲ್ಲಿದ್ದಾನೆಂದು ವಿಚಾರಿಸುತ್ತ, ಅಂದರೆ ತಾನು ಅವನ ಕಡೆಯವನೆಂದು ಸಿಕ್ಕವರಿಗೆಲ್ಲ ತಿಳಿಸುತ್ತ, ಹುಡುಕಿ ಹಿಡಿದ. ಆ ಕಾಲದ ಕೈದಿಗಳು ಊಟಬಟ್ಟೆಗೂ ಹೊರಗಿನವರನ್ನು ನೆಚ್ಚಬೇಕಿತ್ತು. ಪೌಲನೇ ಪತ್ರದ ಕೊನೆಯಲ್ಲಿ ತ್ರೋವದ ಕರ್ಪನ ಮನೆಯಲ್ಲಿ ಬಿಟ್ಟ ಮೇಲಂಗಿ ತರಲು, ಚಳಿಗಾಲಕ್ಕೆ ಮೊದಲೇ ಬರಲು ತಿಮೊಥೆಯನನ್ನು ಬೇಡುತ್ತಾನೆ. ಒನೇಸಿಫೊರ ಏನು ತಂದಿದ್ದನೋ ಪತ್ರ ಹೇಳುವುದಿಲ್ಲ. ಹಲವು ಸಲ ಬಂದು ಜೀವಕ್ಕೆ ತಂಪು ತಂದನೆಂದಷ್ಟೇ ಇದೆ. ಉಪದೇಶ ಮಾಡಿದ ಸುಳಿವಂತೂ ಇಲ್ಲ.